ಮಣ್ಣು ಹತ್ತದ ಪ್ಯಾಂಟು

ಕೆನಡಾದ ಎಟೋಬಿಕೋಕ್‌ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಜಯಶೀಲಾ ಮಗನ ಬೇಸ್‌ಬಾಲ್ ಪ್ಯಾಂಟನ್ನು ಒಗೆಯುವ ಮೆಷಿನ್ನಿಗೆ ಹಾಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ತಾಯಿ ಮಗ ಇಬ್ಬರೇ.

“ಅವ್ವಾ, ಟ್ರಾನ್ಸ್‌ಫರ್ ತಗೊಳ್ಳಲೇನು? ಆಲ್ಬರ್ಟಾದ ಕಾಲೇಜಿನ ಕೋಚ್ ಕರ್ಯಾಕತ್ಯಾನ,” ಎಂದ ಮಂಥನ್.

ಅವಳಿಗೆ ಗಾಬರಿಯಾಯಿತು. ಧಾರವಾಡದ ಕಡೆ ಮಾಸ್ತರರಾಗಿದ್ದ ಅವಳ ಕಾಕಾನನ್ನು ಸಾಹೇಬರು ಸಿಟ್ಟು ಬಂದಾಗೆಲ್ಲ ವರ್ಗ ಮಾಡುತ್ತಿದ್ದರು.

“ಏನ್ ತಪ್ಪ ಮಾಡೀಯೋ? ಯಾರ ಕೂಡ ಜಗಳಾಡಿದಿ?”

ಮಂಥನ್ ನಕ್ಕ. “ನೋ ಅವ್ವಾ, ಪನಿಶ್‌ಮೆಂಟ್ ಅಲ್ಲ. ಇಲ್ಲಿ ಕಾಲೇಜ್ ಟೀಮಿನ್ಯಾಗ ಬರೇ ಬೆಂಚ್ ಮ್ಯಾಲ ಕೂಡ್ತೀನಿ. ಅಲ್ಲಿ ಆಡಸ್ತಾರ. ನೀ ಬ್ಯಾಡ ಅಂದ್ರ ಹೋಗಂಗಿಲ್ಲ.”

ಆಲ್ಬರ್ಟಾ ಎಂದರೆ ವಿಮಾನದಲ್ಲಿ ನಾಲ್ಕು ತಾಸಿನ ದೂರ. ಬೇಡ ಎನ್ನುವ ಮಾತು ಬಾಯಿಯವರೆಗೆ ಬಂತು. ಕೈಯಲ್ಲಿದ್ದ ಪ್ಯಾಂಟನ್ನು ತಿರುವಿ ನೋಡಿದಳು. ಹೊಲದಿಂದ ಬಂದ ಅಣ್ಣಂದಿರ ಬಟ್ಟೆಯನ್ನು ಮೊದಲು ಮೊಣಕಾಲಿನ ಹತ್ತಿರ ಉಜ್ಜಿ ಬೆಳೆದವಳು ಅವಳು. ಈ ಮೊಣಕಾಲಿನ ಮೇಲೆ ಒಂದು ಕಲೆಯೂ ಇರಲಿಲ್ಲ. ವಾರವಾರವೂ ಅವಳು ಒಗೆದದ್ದನ್ನೇ ಒಗೆಯುತ್ತಿದ್ದಳು.

“ಹೋಗಪ್ಪಾ, ಪ್ಯಾಂಟಿಗೆ ಮಣ್ಣ ಹತ್ತೂ ಕಡೆ ಹೋಗು,” ಎಂದಳು.

ಸೆಪ್ಟೆಂಬರಿನಲ್ಲಿ ಅವಳೊಬ್ಬಳ ಬಟ್ಟೆಗೆ ಮೆಷಿನ್ ಅರ್ಧವೂ ತುಂಬಲಿಲ್ಲ. ಅದು ತಿರುಗುತ್ತಿರುವಾಗಲೇ ಮಂಥನ್ ಫೋನ್ ಮಾಡಿದ.

“ಅವ್ವಾ, ಪ್ಯಾಂಟಿನ ಕೆಂಪ ಮಣ್ಣ ಹೋಗವಲ್ದು. ಏನ್ ಮಾಡ್ಲಿ?”

“ತೋಯಿಸಬ್ಯಾಡ. ಮೊದಲ ಒಣಗಲಿ, ಆಮ್ಯಾಲ ಜಾಡಸು. ಮತ್ತೇನರ ಕೇಳೂದೈತೇನು?”

“ಅಷ್ಟ ಅವ್ವಾ. ಪ್ರ್ಯಾಕ್ಟೀಸ್ ಐತಿ.”

ಮೆಷಿನ್ ನಿಂತ ಮೇಲೂ ಅವಳು ಅಲ್ಲೇ ಕೂತಿದ್ದಳು. ಮೇಲೆ ಹೋಗಿ ಮಾಡುವಂಥದ್ದೇನೂ ಇರಲಿಲ್ಲ.