ಸೂಜಿ ಮೊನೆಯಷ್ಟು ಎಣ್ಣೆ

ಸೂಜಿ ಮೊನೇಲಿ ಎಣ್ಣೆ ನಿಂತಿದೆ, ಬೀಳಬೇಡ, ಚಕ್ರದ ಅಚ್ಚಿನ ತುದಿ ಮುಟ್ಟೋ ತನಕ ತಡಿ — ಇಷ್ಟು ವರ್ಷ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟಿದೀನಿ, ಮಾತಾಡ್ತಾ ಮಾತಾಡ್ತಾನೇ ಬಿಡ್ತೀನಿ, ಆದರೆ ಇದು ಗೇಣುದ್ದಾನೂ ಇಲ್ಲದ ಆಟದ ರೈಲು ಇಂಜಿನ್ನು, ನನ್ನ ಮಗಳು ಶಾಂಭವಿಯ ಇಂಜಿನ್ನು, ಆಟದ್ದು ಅಂದ್ರೆ ಅವಳಿಗೆ ಸಿಟ್ಟು, ಆಟದ್ದಲ್ಲ ಕಣಮ್ಮ, ಮಾಡೆಲ್ಲು, ಒಳಗೆ ಎಲ್ಲ ನಿಜವಾದ್ದರ ಥರಾನೇ ಇದೆ, ಟವೆಲ್ ಮಡಿಸಿ ಅಂಗಾತ ಮಲಗಿಸಿದೀನಿ, ಚಕ್ರ ಎಲ್ಲ ಮೇಲಕ್ಕೆ, ಮಗುಚಿಬಿದ್ದ ಜೀರುಂಡೆ ಹಂಗೆ. ಕೆಲಸ ಸಿಕ್ಕ ವರ್ಷ ತಂದ್ಕೊಂಡಿದ್ದು, ನಾನು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಸುತ್ತ ಹಳಿ ಜೋಡಿಸೋಳು, ರಜಕ್ಕೆ ಬಂದಾಗೆಲ್ಲ ಹೊಟ್ಟೆ ಬಿಚ್ಚಿ ಒರೆಸೋಳು, ನೋಡಮ್ಮ, ಮೊದಲು ಸ್ಪಿರಿಟ್ಟಲ್ಲಿ ಹತ್ತಿ ಅದ್ದಿ ಚಕ್ರ ಒರೆಸ್ಬೇಕು, ಕರೆಂಟು ಹಳಿಯಿಂದ ಚಕ್ರಕ್ಕೆ ಹತ್ತೋದು, ಕೊಳೆ ಇದ್ರೆ ಹತ್ತಲ್ಲ, ಆಮೇಲೆ ಅಚ್ಚಿನ ತುದಿಗೆ ಸೂಜಿ ಮೊನೆಯಷ್ಟು ಎಣ್ಣೆ, ಹಲ್ಲಿನ ಚಕ್ರಕ್ಕೆ ಒಂಚೂರು ಗ್ರೀಸು, ಜಾಸ್ತಿ ಆಗೋದು ಕಮ್ಮಿ ಆಗೋದಕ್ಕಿಂತ ಕಷ್ಟ ಕಣಮ್ಮ. ಆಗ ನಾನು ಬ್ಲೌಸಿಗೆ ಹುಕ್ಕು ಹಾಕ್ತಾ ಹೂಂ ಹೂಂ ಅಂತಿದ್ದೆ, ಸರಿಯಾಗಿ ನೋಡಲಿಲ್ಲ, ನೋಡಬೇಕಿತ್ತು, ಯಾವ ತುದಿಗೆ ಎಷ್ಟು — ಒಳಕೋಣೆ ಬಾಗಿಲು ಅರ್ಧ ಮುಚ್ಚಿದೆ, ಮಂಚದ ತುದೀಲಿ ಅವಳ ಪಾದ ಮಾತ್ರ ಕಾಣ್ತಾ ಇದೆ, ಹಗಲಲ್ಲೂ ಮಲಗೇ ಇರ್ತಾಳೆ, ನಿದ್ದೆ ಮಾಡೋರ ಪಾದ ಅಲ್ಲ ಅದು, ಬೆರಳು ಬಿಗಿ ಹಿಡಿದಿದೆ.

ಮಗಳು ರೈಲು ಓಡಿಸೋ ಅಸಿಸ್ಟೆಂಟ್ ಲೋಕೋ ಪೈಲಟ್ಟು ಅಂತ ಮನೆ ಮುಂದೆ ಬೋರ್ಡು ಹಾಕ್ಕೋಬೇಕು ಕಣೆ ಅಂತ ಕೆ.ಆರ್. ನಗರದ ಅರ್ಧ ಊರು ತಮಾಷೆ ಮಾಡ್ತಿತ್ತು, ಈಗ ಅದೇ ಜನ ದನಿ ತಗ್ಗಿಸಿ ಕೇಳ್ತಾರೆ, ಬ್ಲೌಸ್ ಕೇಳೋಕೆ ಬಂದ ಚೆಲುವಮ್ಮ ಒಳಗೆ ಇಣುಕಿ, ಇನ್ನೂ ಅಂಗೇ ಅವ್ಳಾ ಗುರುಶಾಂತಮ್ಮ, ಉಂಡ್ಲಾ, ಒಸಿ ತಾಯತನಾದ್ರೂ ಕಟ್ಟುಸು ಅಂದಳು, ನಾನು ಅವಳ ತೋಳಿನ ಅಳತೆ ತಗೊಂಡೆ. ಶಾಂಭವಿ ಇದ್ದ ರೈಲಿಗೆ ಯಾವುದೋ ತಿರುವಲ್ಲಿ ಒಬ್ಬ ಮುದುಕಿ ಸಿಕ್ಕಿ ಸತ್ತಳು, ನನಗೆ ಗೊತ್ತಿರೋದು ಅಷ್ಟೇ, ಅದೂ ಅವಳ ಜೊತೆ ಕೆಲಸ ಮಾಡೋ ವಸಂತ್ ಮನೆ ತನಕ ಬಿಟ್ಟು ಹೋದಾಗ ಹೊಸಿಲಲ್ಲಿ ನಿಂತು ಹೇಳಿದ್ದು, ಇವರದೇನೂ ತಪ್ಪಿಲ್ಲ ಅಮ್ಮ, ಹಾರ್ನ್ ಹೊಡೆದಿದಾರೆ, ಬ್ರೇಕ್ ಹಾಕಿದಾರೆ, ಸ್ವಲ್ಪ ದಿನ ಸುಮ್ನೆ ಬಿಡಿ. ಬಿಟ್ಟಿದೀನಿ. ಎಷ್ಟು ದಿನ ಅಂತ ಬಿಡೋದು, ನಾಳೆಗೆ ರಜ ಮುಗಿಯುತ್ತೆ, ಬೆಳಗ್ಗೆಯಿಂದ ಎರಡು ಸಲ ಅವಳ ಆಫೀಸಿಂದ ಫೋನು ಬಂತು, ಅವಳು ಎತ್ತಲಿಲ್ಲ. ನಮ್ಮ ಭಾವ ರುದ್ರಸ್ವಾಮಿಯವರು ಬಂದು ಕಾಫಿ ಕುಡೀತಾ, ಹೆಣ್ಮಗಳಿಗೆ ಇಂಜಿನ್ ಯಾಕಮ್ಮ ಬೇಕಿತ್ತು, ಕೆಲಸ ಬೇಡ ಅಂತ ಬರೆದುಕೊಟ್ಟು ಬಂದುಬಿಡಲಿ, ನೀನು ಒಂದು ಮಾತು ಹೇಳು, ತಂದೆಯಿಲ್ಲದ ಮಗು, ನಿನ್ನ ಮಾತು ಕೇಳ್ತಾಳೆ, ಅಂದರು. ಹೇಳಬಹುದು. ಹೇಳಿದ್ರೆ ಬಿಟ್ಟೇಬಿಡ್ತಾಳೆ, ಆಮೇಲೆ ಈ ಕೋಣೇಲೇ ಉಳಿದುಬಿಟ್ರೆ, ಹೇಳದೆ ಹೋದ್ರೆ ಹೋಗ್ತಾಳೆ, ಹೋಗಿ ಅದೇ ತಿರುವಲ್ಲಿ ಇನ್ನೊಂದು — ಮತ್ತೆ ಆಗಲ್ಲ ಅಂತ ಯಾರು ಹೇಳ್ತಾರೆ, ದೇವರೂ ಹೇಳಲ್ಲ. ಈ ಇಂಜಿನ್ನು ಓಡಿದ್ರೆ ಏನಾದ್ರೂ ಮಾತಾಡ್ತಾಳೇನೋ, ಸದ್ದು ಕೇಳಿ ಇನ್ನೂ ಕುಗ್ಗಿಬಿಟ್ರೆ, ಎತ್ತಿಟ್ಟುಬಿಡು ಗುರುಶಾಂತಮ್ಮ, ಬೇಡ, ಇಲ್ಲ, ಹೊಟ್ಟೆ ಬಿಚ್ಚಿ ಆಗಿದೆ, ಆ ಸಣ್ಣ ಸ್ಕ್ರೂ ಎಲ್ಲಿ, ಗುಂಡಿ ಡಬ್ಬದ ಮುಚ್ಚಳದಲ್ಲಿ ಇಟ್ಟಿದ್ದೆ, ಇದೆ, ಇದೆ.

ಸ್ಟೇಷನ್ ಕಡೆಯಿಂದ ಹಾರ್ನು, ಮೈಸೂರಿನ ಗಾಡಿ, ಒಳಗೆ ಮಂಚ ಕಿರುಗುಟ್ಟಿತು, ದಿಂಬು ತಗೊಂಡು ಕಿವಿಗೆ ಒತ್ತಿಕೊಳ್ತಾಳೆ, ಪ್ರತಿ ಸಲಾನೂ ಹಿಂಗೇ, ನಾನು ಆ ಕಡೆ ತಿರುಗಿದ್ದೇ ತಡ ಸೂಜಿ ಬಾಟಲಿಗೆ ತಗುಲಿ ಬಾಟಲಿ ವಾಲಿ ಎಣ್ಣೆ ಎಲ್ಲ ಚಕ್ರದ ಮೇಲೆ, ಅಯ್ಯೋ ಶಿವನೆ, ಸೂಜಿ ಮೊನೆಯಷ್ಟಲ್ಲ, ಚಮಚದಷ್ಟು, ಸೆರಗಲ್ಲಿ ಒರೆಸ್ತೀನಿ, ಇನ್ನೂ ಹರಡ್ತಾ ಇದೆ, ಮುಚ್ಚಿ ಸ್ಕ್ರೂ ಹಾಕಿ ಮೇಜಿನ ಮೇಲೆ ಜೋಡಿಸಿಟ್ಟ ಹಳಿ ಮೇಲೆ ಇಟ್ಟೆ, ಕರೆಂಟಿನ ಗುಂಡಿ ತಿರುಗಿಸಿದೆ, ಚಕ್ರ ಸುಮ್ನೆ ನಿಂತಲ್ಲೇ ಗರಗರ ಸುತ್ತುತ್ತೆ, ಇಂಜಿನ್ನು ಮುಂದಕ್ಕೆ ಹೋಗಲ್ಲ, ಕೆಡಿಸಿಬಿಟ್ಟೆ, ಅವಳ ಒಂದೇ ಒಂದು — ಅಮ್ಮ, ಎಣ್ಣೆ ಜಾಸ್ತಿ ಆಯ್ತು ಕಣಮ್ಮ. ಯಾವಾಗ ಎದ್ದು ಬಂದಳು, ಕೆದರಿದ ಕೂದಲು, ನನ್ನ ಹಳೇ ಸ್ವೆಟರು, ಪಕ್ಕದಲ್ಲೇ ನಿಂತಿದಾಳೆ. ಚಕ್ರ ಜಾರ್ತಾ ಇದೆ, ಹಿಡಿತ ಇಲ್ಲ, ಕೊಡಿಲ್ಲಿ. ಸ್ಟೂಲೆಳೆದು ಕೂತಳು, ಹತ್ತಿ ತಗೊಂಡಳು, ಒಂದೊಂದೇ ಚಕ್ರ ಒರೆಸ್ತಾ, ನನ್ನ ಮುಖ ನೋಡದೆ, ಬ್ರೇಕು ಹಾಕಿದ್ರೂ ರೈಲು ನಿಲ್ಲಲ್ಲ ಅಮ್ಮ, ನಿಲ್ಲೋಕೆ ದೂರ ಬೇಕು, ಅಷ್ಟೊತ್ತೂ ನೋಡ್ತಾನೇ ಇರಬೇಕು. ನಾನು ಸ್ಪಿರಿಟ್ ಬಾಟಲಿ ಅವಳ ಕಡೆ ಸರಿಸಿದೆ. ಆ ಅಜ್ಜಿ ಮುಖ ಕಾಣಲಿಲ್ಲ ಕಣಮ್ಮ, ತಲೆ ಮೇಲೆ ಹುಲ್ಲಿನ ಹೊರೆ, ಹುಲ್ಲು ಕಣ್ಣು ಕಿವಿ ಎಲ್ಲ ಮುಚ್ಚಿತ್ತು, ಹಾರ್ನು ಕೇಳಲಿಲ್ಲ ಅವರಿಗೆ, ಗಾಡಿ ನಿಂತ ಮೇಲೆ ಇಳಿದು ನೋಡೋದು ನನ್ನ ಕೆಲಸ, ಹೋದೆ, ಹೊರೆ ಹಳಿ ಪಕ್ಕ ಜಲ್ಲಿ ಮೇಲೆ ನೆಟ್ಟಗೆ ಕೂತಿತ್ತು, ಒಂದು ಎಳೇನೂ ಕದಲಿರಲಿಲ್ಲ, ಕಟ್ಟು ಬಿಚ್ಚಿರಲಿಲ್ಲ, ಮನೇಲಿ ಹಸು ಕಾಯ್ತಾ ಇರುತ್ತೆ ಅನ್ನಿಸ್ತು, ಬೇರೆ ಏನೂ ಅನ್ನಿಸಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ, ಬೆನ್ನು ಅಲುಗ್ತಾ ಇತ್ತು, ಕೈ ಮಾತ್ರ ಚಕ್ರ ಒರೆಸ್ತಾನೇ ಇತ್ತು, ತವರು ಬೆಟ್ಟದಪುರದಲ್ಲಿ ನನ್ನವ್ವನೂ ಹಂಗೇ ಬರೋಳು, ಹೊರೆ ಕೆಳಗೆ ಮುಖಾನೇ ಇರ್ತಿರಲಿಲ್ಲ, ಅವ್ವಾ ಅಂತ ಪಕ್ಕದಲ್ಲೇ ಕೂಗಿದ್ರೂ ಕೇಳ್ತಿರಲಿಲ್ಲ, ಇದನ್ನ ಇವಳಿಗೆ ಹೇಳಲಾ, ಹೇಳಬಾರದು. ಇಂಜಿನ್ನನ್ನ ಹಳಿ ಮೇಲೆ ಇಟ್ಟಳು, ಗುಂಡಿಯನ್ನ ಮೆಲ್ಲಗೆ ತಿರುಗಿಸಿದಳು, ಹೊರಟಿತು, ಕತ್ತರಿ ದಾಟಿ, ಅಳತೆ ಟೇಪು ದಾಟಿ, ಸುತ್ತ. ನಾಳೆ ಹೋಗ್ತೀನಮ್ಮ. ಹೂಂ ಅಂದೆ. ಹೋಗಬೇಡ ಅನ್ನೋದು ಬಾಯಿ ತನಕ ಬಂದಿತ್ತು, ಹೂಂ ಅಂತಲೇ ಬಂತು. ಹೆದರಿಕೆ ಇದೆ, ಆದ್ರೂ ಹೋಗ್ತೀನಿ, ಅಂದಳು, ಊಟಕ್ಕೆ ಏನಿದೆ. ಸೊಪ್ಪಿನ ಸಾರು ಬಿಸಿ ಮಾಡ್ತೀನಿ ಇರು, ಏಳಬೇಕು ನಾನು, ಒಲೆ ಹಚ್ಚಬೇಕು, ಮಗಳು ಊಟ ಕೇಳಿದಾಳೆ, ಏಳು, ಇಂಜಿನ್ನು ಸದ್ದಿಲ್ಲದೆ ಸುತ್ತುತ್ತಾ ಇದೆ, ಅದನ್ನ ನೋಡಬೇಕು, ಅವಳ ಮುಖ ನೋಡಬೇಕು, ಕಣ್ಣು ಅಲ್ಲಿಗೆ ಹೋಗಲ್ಲ, ಅವಳು ಹೇಳಿದ್ದೇ ಕಣ್ಣ ಮುಂದೆ — ಜಲ್ಲಿಕಲ್ಲು, ಅದರ ಮೇಲೆ ಹಸಿರು, ಈಗಷ್ಟೇ ಕೊಯ್ದ ಹುಲ್ಲು, ಯಾರೋ ಬಂದು ತಲೆಗೆ ಎತ್ತಿಕೊಡ್ತಾರೆ ಅಂತ ಕಾದು ಕೂತ ಹಂಗೆ, ನೆಟ್ಟಗೆ, ಕಟ್ಟು ಬಿಚ್ಚಿಲ್ಲ, ಹುಲ್ಲಿನ ಹೊರೆ, ಕಟ್ಟು ಬಿಚ್ಚಿಲ್ಲ —