ಪಿಸುಮಾತಿನ ಮನೆ

ಹಾಗಾದರೆ ತಪ್ಪು ತನ್ನದಲ್ಲ ಎಂದುಕೊಳ್ಳುತ್ತಲೇ ಗೋಪೀನಾಥ ರಾಜಾಜಿನಗರದ ಬಸ್ಸು ಹತ್ತಿದ. ಆಸ್ಪತ್ರೆಯಲ್ಲಿ ಡಾಕ್ಟರ್ ವೆಂಕಟಗಿರಿ ಆಡಿದ ಮಾತು ಇನ್ನೂ ಕಿವಿಯಲ್ಲಿತ್ತು.

"ನಿಮ್ಮ ಸಿಟ್ಟಿಗೆ ಬಿಪಿ ಏರ್ತಿಲ್ಲ ಮೇಷ್ಟ್ರೇ. ಹೊಸ ಕಿಡ್ನಿ ಉಳಿಸೋಕೆ ಹಾಲಲ್ಲಿ ಕುಡೀತೀರಲ್ಲ ಎಣ್ಣೆ ಔಷಧಿ, ಅದು ನರಗಳನ್ನ ಕೆಣಕುತ್ತೆ ಅಂತ ನಂಗೆ ಅನುಮಾನ. ನರಗಳು ರಕ್ತನಾಳಾನ ಬಿಗೀತವೆ. ನೀವು ನಿದ್ದೆ ಮಾಡ್ತಿದ್ರೂ ಅಷ್ಟೇ."

"ಔಷಧಿ ನಿಲ್ಲಿಸಿದ್ರೆ?"

"ಕಿಡ್ನಿ ಹೋಗುತ್ತೆ."

"ನಿಲ್ಲಿಸದೇ ಇದ್ರೆ?"

"ಬಿಪಿಗೆ ಇನ್ನೊಂದು ಮಾತ್ರೆ ಸೇರಿಸೋಣ."

ಅನುಮಾನವನ್ನು ಅನುಮಾನವೆಂದೇ ಹೇಳಿದ ಆ ಮನುಷ್ಯನ ಮೇಲೆ ಗೋಪೀನಾಥನಿಗೆ ಗೌರವ ಹುಟ್ಟಿತು. ಹದಿನೈದು ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿದರೂ ತನಗೆ ಅಷ್ಟು ಧೈರ್ಯ ಬಂದಿರಲಿಲ್ಲ.

ತಂಗಿ ತುಂಗಾ ತನ್ನದೊಂದು ಕಿಡ್ನಿ ಕೊಟ್ಟು ಎಂಟು ತಿಂಗಳಾಗಿತ್ತು. ಬಿಪಿ ಇಳಿಯದಿದ್ದರೆ ಅದೂ ದಕ್ಕುವುದಿಲ್ಲವೆಂದು ತಿಳಿದಂದಿನಿಂದ ಮನೆ ಪಿಸುಗುಟ್ಟತೊಡಗಿತ್ತು. ಕುಕ್ಕರಿನ ಸೀಟಿಗೆ ಅವನು ಬೆಚ್ಚಿಬಿದ್ದಾನೆಂದು ಅಮ್ಮ ಅದನ್ನು ಅಟ್ಟಕ್ಕೆ ಹಾಕಿ, ಪಾತ್ರೆಯಲ್ಲಿ ಅನ್ನ ಬಸಿಯುತ್ತಿದ್ದಳು. ಪೇಪರು ಅವನ ಕೈಗೆ ಬರುವಷ್ಟರಲ್ಲಿ ಸಾವಿನ ಸುದ್ದಿಯ ಪುಟ ಮಾಯವಾಗಿರುತ್ತಿತ್ತು. ತುಂಗಾಳನ್ನು ನೋಡಿ ಹೋದ ವಿಜಯನಗರದ ಗಂಡಿನ ಮಾತೆತ್ತಿದರೆ ಸಾಕು, ಒಗ್ಗರಣೆ ಸೀಯುತ್ತದೆಂದು ಅಮ್ಮ ಒಳಗೆ ಓಡುತ್ತಿದ್ದಳು. ತಾನೇನು ಮನುಷ್ಯನೋ, ಒಲೆಯ ಮೇಲಿನ ಹಾಲೋ ಎಂದು ಅವನಿಗೆ ರೇಗುತ್ತಿತ್ತು. ರೇಗಿದರೆ ಬಿಪಿ.

ಅವನು ಮನೆ ಸೇರಿದಾಗ ತುಂಗಾ ಶಾಲೆಯಿಂದ ಬಂದು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಅವನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ.

"ಇನ್ಮೇಲೆ ಮುಚ್ಚಿಡೋದು ಬೇಡ ಕಣೇ. ವಿಜಯನಗರದವರು ಏನಂದ್ರು?"

"ಆಮೇಲೆ ಹೇಳ್ತೀನಿ ಅಣ್ಣ."

"ಈಗ."

ಅವಳು ಪೆನ್ನಿಗೆ ಕ್ಯಾಪು ಹಾಕಿದಳು. "ಬೇಡ ಅಂದ್ರು. ಜೂನ್‌ನಲ್ಲೇ. ಒಂದೇ ಕಿಡ್ನಿ ಇರೋಳಿಗೆ ಮಕ್ಕಳಾಗಲ್ವಂತೆ. ಆಗುತ್ತೆ ಅಂತ ಡಾಕ್ಟ್ರು ಹೇಳಿದಾರೆ, ಅವರು ನಂಬಬೇಕಲ್ಲ."

"ನಿಂಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಸ್ಕೂಲಲ್ಲೇ ಅತ್ಕೊಂಡು ಬಂದೆ. ಇಲ್ಲಿ ಅಳೋ ಹಾಗಿರ್ಲಿಲ್ವಲ್ಲ."

ಎಂಥ ಹುಡುಗಿ. ಮೈಯನ್ನೇ ಕೊಯ್ದು ಕೊಟ್ಟವಳು ತನ್ನ ಅಳುವನ್ನೂ ಮನೆಯ ಹೊರಗೆ ಮುಗಿಸಿ ಬಂದಿದ್ದಳು. ತನಗಿಂತ ಹನ್ನೆರಡು ವರ್ಷ ಚಿಕ್ಕವಳ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ.

ಅವನ ಮುಖ ನೋಡಿ ಗಾಬರಿಯಾದ ತುಂಗಾ ಬಿಪಿ ಪೆಟ್ಟಿಗೆ ತಂದಳು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಸ್ಟೆತಸ್ಕೋಪಿಗೆ ಕಿವಿಗೊಟ್ಟಳು.

"ನೂರರವತ್ತು, ನೂರು. ಬೆಳಿಗ್ಗೆ ಇದ್ದಷ್ಟೇ. ಒಂಚೂರೂ ಏರಿಲ್ಲ ಅಣ್ಣ."

ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವಳು ದನಿಯೆತ್ತಿ ಅಡಿಗೆಮನೆಯ ಕಡೆ ಕೂಗಿದಳು. "ಎಲ್ಲಾ ಹೇಳ್ಬಿಟ್ಟೆ ಕಣಮ್ಮ. ಅವನಿಗೆ ಏನೂ ಆಗ್ಲಿಲ್ಲ."

ಏನೂ ಆಗಲಿಲ್ಲ. ತಂಗಿಯ ಅಳು ಕೇಳಿಯೂ ಒಂದು ಗೆರೆಯಷ್ಟಾದರೂ ಏರಬಾರದಿತ್ತೆ? ಗೋಪೀನಾಥ ತೋಳು ಚಾಚಿಯೇ ಇದ್ದ.

"ಇನ್ನೊಂದ್ಸಲ ನೋಡೇ."

ನೋಡಿದಳು. ಅಷ್ಟೇ ಇತ್ತು.

"ಸರಿಯಾಗಿ ನೋಡು."

ಪಾದರಸ ಮತ್ತೆ ಮೇಲೇರಿ, ಇಳಿಯುತ್ತ ಬಂತು. ಅದೇ ಗೆರೆ ತಲುಪಿದಾಗ ತುಂಗಾ ಸಂತೋಷದಿಂದ ತಲೆಯಾಡಿಸಿದಳು.