ಜಾಗ ಹಿಡಿಯಲು ಇಟ್ಟ ನಗು

ಮಾರಾಟದ ನಗುಗಳನ್ನು ನೋಡಿ ನೋಡಿ ನನಗೆ ಸಾಕಾಗಿಹೋಗಿದೆ. ಬೆಳಗ್ಗೆ ಕಂಪ್ಯೂಟರ್ ತೆರೆದರೆ ಜಾಹೀರಾತಿಗೆಂದು ಮಾರುವ ಫೋಟೋಗಳ ಅವೇ ಹಲ್ಲುಗಳು. ಕೈಕುಲುಕುವ ಗಂಡಸರು, ಬಟ್ಟಲು ತುಂಬ ಹಸಿ ಸೊಪ್ಪು ಹಿಡಿದು ಒಬ್ಬಳೇ ಹಲ್ಲು ಕಿರಿಯುವ ಹೆಂಗಸು, ಕನ್ನಡಕ ಹಾಕಿದ ಬಿಳಿಕೂದಲ ಅಜ್ಜಿ. ಈ ಅಜ್ಜಿಯಂತೂ ಹಲ್ಲಿನ ಆಸ್ಪತ್ರೆಗೂ ಆದಳು, ವಿಮೆಗೂ ಆದಳು, ಮೊಣಕಾಲು ನೋವಿನ ಎಣ್ಣೆಗೂ ಆದಳು. ಲೈಸೆನ್ಸ್ ಕೊಂಡವರೆಲ್ಲ ಬಳಸಬಹುದು, ಹಾಗಾಗಿ ಅವಳು ಎಲ್ಲರ ಮನೆಯ ಅಜ್ಜಿ. ನನ್ನ ಸ್ವಂತ ಅಕ್ಕನ ಮುಖಕ್ಕಿಂತ ಅವಳ ಮುಖದ ಸುಕ್ಕುಗಳೇ ನನಗೆ ಚೆನ್ನಾಗಿ ಗೊತ್ತು.

ನಮ್ಮ ಡಿಸೈನ್ ಆಫೀಸೆಂದರೆ ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಯಜಮಾನರು, ನಾನು, ಸದಾ ಗೊಣಗುವ ಒಂದು ಪ್ರಿಂಟರ್. ಗಿರಾಕಿ ಒಪ್ಪುವ ತನಕ ಯಜಮಾನರು ಯಾವ ಚಿತ್ರವನ್ನೂ ಕೊಳ್ಳುವುದಿಲ್ಲ. ಅಲ್ಲಿಯವರೆಗೆ ಚಿತ್ರ ಮಾರುವ ವೆಬ್‌ಸೈಟಿನ ಪುಕ್ಕಟೆ ನಮೂನೆಯನ್ನು, ಅಡ್ಡಡ್ಡ ಅವರ ಹೆಸರಿನ ವಾಟರ್‌ಮಾರ್ಕ್ ಒತ್ತಿದ್ದನ್ನೇ, ಹಾಕಿ ತೋರಿಸುತ್ತಿದ್ದೆವು. ಒಮ್ಮೆ ಆ ನಮೂನೆಯೇ ಅಚ್ಚಿಗೆ ಹೋಗಿ, ಶಾಲೆಯೊಂದರ ಬ್ಯಾನರಿನಲ್ಲಿ ಮಗುವಿನ ಮುಖದ ತುಂಬ ಆ ಗುರುತು ಮೂಡಿ, ನಮ್ಮ ಮಾನ ಮೂರು ಕಾಸಿಗೆ ಹರಾಜಾಯಿತು. ಅಂದಿನಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಕೊಂಡ ಚಿತ್ರ ಬರುವ ತನಕ ಜಾಗ ಹಿಡಿಯಲು ನಮ್ಮ ಮನೆಯವರ ಫೋಟೋ ಹಾಕಿಡುವುದು. ಮನೆಯವರ ಮುಖ ಕಂಡರೆ ಎಂಥ ಸುಸ್ತಿನಲ್ಲೂ ಎಚ್ಚರವಾಗುತ್ತದೆ, ಮರೆತು ಕಳಿಸುವ ಮಾತೇ ಇಲ್ಲ ಎಂದುಕೊಂಡಿದ್ದೆ.

ಮರೆತೆ. ಅದು ಕಿವಿ ಮೆಷಿನ್ ಮಾರುವ ಅಂಗಡಿಯ ಹೋರ್ಡಿಂಗು. ಅಕ್ಷರ ದೊಡ್ಡದು ಮಾಡಿ, ಸಣ್ಣದು ಮಾಡಿ, ಊಹೂಂ, ಮೊದಲಿನ ಹಾಗೇ ಮಾಡಿ ಎಂದು ಅಂಗಡಿಯವರು ನನ್ನ ಜೀವ ಹಿಂಡಿದ್ದರು. ತಲೆ ಚಿಟ್ಟು ಹಿಡಿದಿತ್ತು. ಬಿಳಿಕೂದಲ ಅಜ್ಜಿಯನ್ನು ತಂದು ಕೂರಿಸುವುದನ್ನು ಬಿಟ್ಟು, ಜಾಗ ಹಿಡಿದು ಕೂತಿದ್ದ ನಮ್ಮ ಅತ್ತೆಯನ್ನೇ ಕಳಿಸಿಬಿಟ್ಟೆ. ನಾದಿನಿ ಬಂದಿದ್ದಾಗ ಮನೆಯವರೆಲ್ಲ ತಾರಸಿಯ ಮೇಲೆ ನಿಂತ ಫೋಟೋ ನಾನು ತೆಗೆದಿದ್ದೆ. ಅದರಲ್ಲಿ ಉಳಿದವರನ್ನೆಲ್ಲ ಕತ್ತರಿಸಿ, ಬಾಯ್ತುಂಬ ನಗುತ್ತಿದ್ದ ಅತ್ತೆಯನ್ನಷ್ಟೇ ಇಟ್ಟುಕೊಂಡಿದ್ದೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಈಗ ನನಗೆ ಎಲ್ಲ ಕೇಳಿಸುತ್ತೆ!"

ಮಧ್ಯಾಹ್ನವೇ ಅಂಗಡಿಯವರ ಫೋನು.

"ಇದು! ಇದೇ ಬೇಕಿತ್ತು ನಮ್ಗೆ. ನಿಜವಾದ ನಗು ಅಂದ್ರೆ ಇದು, ಕೊಂಡು ತಂದ ನಗು ಅಲ್ಲ."

ತಪ್ಪಿ ಬಂದಿದೆ ಎಂದರೂ ಕೇಳಲಿಲ್ಲ. ಈ ಮುಖ ಇಲ್ಲದಿದ್ದರೆ ಕೆಲಸವನ್ನೇ ಬೇರೆಯವರಿಗೆ ಕೊಡುವುದಾಗಿ ಯಜಮಾನರಿಗೂ ಹೇಳಿದರಂತೆ. ಯಜಮಾನರು ಒಂದು ಹಾಳೆ ತಂದು ನನ್ನ ಮುಂದಿಟ್ಟರು. ತಮ್ಮ ಮುಖವನ್ನು ಜಾಹೀರಾತಿಗೆ ಬಳಸಬಹುದು ಎಂದು ಚಿತ್ರದಲ್ಲಿರುವವರು ಸಹಿ ಹಾಕಿ ಕೊಡುವ ಒಪ್ಪಿಗೆ ಪತ್ರ.

"ನಿಮ್ಮ ಅತ್ತೆಯವ್ರೇ ತಾನೆ? ಒಂದು ಸಹಿ ಹಾಕಿಸ್ಕೊಂಡು ಬನ್ನಿ. ಫೋಟೋ ತೆಗ್ದಿದ್ದೂ ನೀವೇ, ಅದರ ಹಕ್ಕಿನ ತಲೆನೋವೂ ಇಲ್ಲ," ಎಂದರು.

ಒಂದು ಸಹಿಯಂತೆ! ನಮ್ಮ ಅತ್ತೆಗೆ ಕಿವಿ ಮಂದವಾಗಿರುವುದು ಅತ್ತೆಯೊಬ್ಬರನ್ನು ಬಿಟ್ಟು ಇಡೀ ಬೀದಿಗೆ ಗೊತ್ತು. ಟಿವಿಯ ಅಬ್ಬರಕ್ಕೆ ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆ. ಡಾಕ್ಟರ ಮಾತೆತ್ತಿದರೆ, "ನೀವೆಲ್ಲ ಬಾಯೊಳಗೇ ಮಾತಾಡ್ತೀರ, ನನ್ನ ಕಿವಿಗೇನಾಗಿದೆ?" ಎಂದು ಮುಖ ಊದಿಸಿಕೊಂಡು ಊಟ ಬಿಡುತ್ತಾರೆ. ಕಿವಿ ಮೆಷಿನ್ ಎಂದು ನನ್ನ ಗಂಡ ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ಬ್ಯಾಗು ತುಂಬಿಕೊಂಡು ಮಗಳ ಮನೆಗೆ ಹೊರಟು ನಿಂತಿದ್ದರು. ಅಂಥವರ ಮುಖ ಈಗ ಬಸ್ ನಿಲ್ದಾಣದ ಮೇಲೆ, ಕಿವಿ ಮೆಷಿನ್ನಿನ ಪಕ್ಕದಲ್ಲಿ! ಸಹಿ ಕೇಳದಿದ್ದರೆ ಆಫೀಸಿಗೆ ಈ ಕೆಲಸ ಕೈತಪ್ಪುತ್ತದೆ. ಕೇಳಿದರೆ ಮನೆಯಲ್ಲಿ ತಿಂಗಳುಗಟ್ಟಲೆ ಮೌನವ್ರತ. ಗಂಡನಿಗೆ ಫೋನ್ ಮಾಡಿದರೆ, "ನೀನಾಯ್ತು, ನಿಮ್ಮತ್ತೆ ಆಯ್ತು," ಎಂದು ಕೈ ತೊಳೆದುಕೊಂಡರು.

ಸಂಜೆ ಮನೆಗೆ ಹೋದಾಗ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಅದನ್ನೆಲ್ಲ ಕಿರುಚಿ ಹೇಳಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಹೋರ್ಡಿಂಗಿನ ಪ್ರಿಂಟನ್ನೂ ಒಪ್ಪಿಗೆ ಪತ್ರವನ್ನೂ ಮುಂದಿಟ್ಟು ಪಕ್ಕದಲ್ಲಿ ಕೂತೆ, ಏನಾಗುತ್ತೋ ಆಗಲಿ ಎಂದು.

ಅತ್ತೆ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಎರಡನ್ನೂ ಓದಿದರು. ಪ್ರಿಂಟನ್ನು ಬಹಳ ಹೊತ್ತು ನೋಡಿದರು.

"ಇದು ನಾನಲ್ವೇನೇ?"

ತಲೆಯಾಡಿಸಿದೆ.

"ಚೆನ್ನಾಗೇ ಬಂದಿದೀನಿ." ಆಮೇಲೆ ದಪ್ಪ ಅಕ್ಷರದ ಮೇಲೆ ಬೆರಳಿಟ್ಟರು. "ಆದ್ರೆ ಇದು ಸುಳ್ಳು ಕಣೇ."

"ಯಾವ್ದು ಅತ್ತೆ?" ಎಂದು ಕೈಸನ್ನೆ ಮಾಡಿದೆ.

"ಎಲ್ಲ ಕೇಳಿಸುತ್ತೆ ಅಂತ ಹಾಕಿದೀರಲ್ಲ, ಅದು. ಅವತ್ತು ನಂಗೆ ಒಂದಕ್ಷರ ಕೇಳಿಸ್ಲಿಲ್ಲ. ನೀನೇನೋ ಅಂದೆ, ಅವ್ನೇನೋ ಅಂದ, ಎಲ್ರೂ ಬಿದ್ದು ಬಿದ್ದು ನಕ್ರಿ. ನಾನೊಬ್ಳು ಪೆಚ್ಚಾಗಿ ನಿಂತ್ರೆ ಗೊತ್ತಾಗ್ಬಿಡುತ್ತಲ್ಲ ಅಂತ ನಾನೂ ನಕ್ಕೆ."

ಆ ನಗುವನ್ನು ಹಿಗ್ಗಿಸಿ, ನೆರಳು ತೆಗೆದು, ಹಲ್ಲು ಬೆಳ್ಳಗೆ ಮಾಡಿ ಕೂರಿಸಿದವಳು ನಾನು. ಮನೆಯವರ ಫೋಟೋಗಳಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಆರಿಸಿದವಳೂ ನಾನೇ. ದಿನವಿಡೀ ಸುಳ್ಳು ನಗುಗಳ ನಡುವೆ ಕೂತವಳಿಗೆ ಮನೆಯದೇ ಒಂದು ತಿಳಿಯಲಿಲ್ಲ. ನನ್ನ ಮೇಲೆ ನನಗೇ ಬೇಸರವಾಯಿತು.

"ಸಹಿ ಬೇಡ ಬಿಡಿ ಅತ್ತೆ," ಎಂದೆ. ಕೇಳಿಸಿತೋ ಇಲ್ಲವೋ, ಒಪ್ಪಿಗೆ ಪತ್ರವನ್ನು ಅವರ ಕೈಯಿಂದ ತೆಗೆದುಕೊಂಡು ಅದರ ಮೇಲೆ ಹುರುಳಿಕಾಯಿಯ ನಾರು ಗುಡ್ಡೆ ಹಾಕಿದೆ. ಬಿಳಿಕೂದಲ ಅಜ್ಜಿಯ ಲೈಸೆನ್ಸೇ ಕೊಂಡುಬಿಡಿ, ಅಂಗಡಿಯವರು ಬೇಡವೆಂದರೆ ಕೆಲಸ ಹೋಗಲಿ ಎಂದು ಯಜಮಾನರಿಗೆ ಮೆಸೇಜು ಹಾಕಿದೆ. ಆ ಅಜ್ಜಿಗೆ ಅಭ್ಯಾಸವಾಗಿದೆ.

ಅತ್ತೆ ಮತ್ತೆ ಒಂದು ಕಾಯಿ ಕೈಗೆತ್ತಿಕೊಂಡರು, ಆದರೆ ಬಿಡಿಸಲಿಲ್ಲ.

"ಅಲ್ವೇ, ಅವತ್ತು ಯಾಕೆ ನಕ್ಕಿದ್ದು ನೀವೆಲ್ಲ?"

ನಾನೆದ್ದು ಅವರ ಬಲಗಡೆಗೆ ಹೋದೆ, ಫೋನ್ ಬಂದರೆ ಅವರು ಹಿಡಿಯುವುದು ಆ ಕಿವಿಗೇ. ಹತ್ತಿರ ಬಗ್ಗಿ ನಿಧಾನವಾಗಿ ಹೇಳಿದೆ.

"ಫೋಟೋ ತೆಗೆಯೋವಾಗ ನಾನು ಇವ್ರಿಗೆ, ರೀ, ಹೊಟ್ಟೆ ಒಳಗೆ ಎಳ್ಕೊಳ್ರಿ ಅಂದೆ. ಅದಕ್ಕೆ ಇವ್ರು, ಎಳ್ಕೊಂಡೇ ನಿಂತಿದೀನಲ್ಲೇ ಅಂದ್ರು."

ಅತ್ತೆ ಕಿವಿ ಕೊಟ್ಟು ಹಾಗೆಯೇ ಕಾದರು. ಮುಂದೇನೂ ಇರಲಿಲ್ಲ.

"ಅಷ್ಟೇನಾ?" ಎಂದರು. "ಇಷ್ಟಕ್ಕೆ ಅಷ್ಟೊಂದು ನಕ್ನಾ ನಾನು?"